ಮೊದಲು ಕಣ್ಣು, ಆಮೇಲೆ ಹಲ್ಲು

ಅಕ್ಕೋರ ಮೂಗಿನ ತುದಿಗೆ ಯಾವಾಗಲೂ ಬಣ್ಣ ಮೆತ್ತಿರುತ್ತಿತ್ತು. ದಪ್ಪ ಗಾಜಿನ ಕನ್ನಡಕವಿದ್ದರೂ ಅವರಿಗೆ ತೀರಾ ಹತ್ತಿರ ಹೋದರೇ ಕಾಣುತ್ತಿದ್ದುದು. ಮಗುವಿನ ಹಾಳೆಯ ಮೇಲೆ ಬಗ್ಗಿದರೆಂದರೆ ಮೂಗು ಹಸಿ ಬಣ್ಣಕ್ಕೆ ತಾಗಿಯೇ ತಾಗುತ್ತಿತ್ತು. ಅದೇ ಮೂಗಿನಲ್ಲಿ ಅವರು ಕೂಕಟ್‌ಪಲ್ಲಿಯ ತರಕಾರಿ ಅಂಗಡಿಗೆ ಹೋಗುವರು, ಶೇರ್ ಆಟೋದಲ್ಲಿ ಕೂರುವರು, ಬ್ಯಾಂಕಿನ ಸಾಲಿನಲ್ಲಿ ನಿಲ್ಲುವರು. ಯಾರಾದರೂ ಹೇಳಿದರೆ ಸೆರಗಿನಿಂದ ಒರೆಸಿಕೊಳ್ಳುವರು. ಬಣ್ಣ ಕೆನ್ನೆಗೂ ಹರಡುವುದು. ಭಾನುವಾರ ಮಗಳನ್ನು ಕರೆತರಲು ಹೋದಾಗ ಅವರ ಮೂಗು ನೋಡಿದರೆ ಸಾಕು, ಆ ದಿನದ ಪಾಠ ತಿಳಿಯುತ್ತಿತ್ತು. ಹಸಿರಿದ್ದರೆ ಗಿಳಿ, ಕೆಂಪಿದ್ದರೆ ಟೊಮೇಟೊ. ಒಂದು ಮಳೆಗಾಲವಿಡೀ ಆ ಮೂಗು ಬೂದು ಬಣ್ಣದ್ದಾಗಿತ್ತು. ಅದು ಅವರು ಮಕ್ಕಳ ಕೈಯಲ್ಲಿ ಶಾರ್ಕ್ ಬರೆಸಿದ ಮಳೆಗಾಲ.

ನಾವು ಹೈದರಾಬಾದಿಗೆ ಹೋದಾಗ ಅಲ್ಲಿ ಇನ್ನೂ ಮೆಟ್ರೊ ಇರಲಿಲ್ಲ. ಗಚ್ಚಿಬೌಲಿಯ ಬಂಡೆಗಳ ನಡುವೆ ದಿನ ಬೆಳಗಾದರೆ ಒಂದೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅಂಥದ್ದೊಂದರಲ್ಲಿ ನನಗೆ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಗಂಡನಿಗೆ ಅದೇ ರಸ್ತೆಯ ಇನ್ನೊಂದು ಕಟ್ಟಡದಲ್ಲಿ. ಮಗಳು ಅಪಾರ್ಟ್‌ಮೆಂಟಿನ ಕೆಳಗೆ ಮಕ್ಕಳೊಂದಿಗೆ ತೆಲುಗು, ಶಾಲೆಯ ಬಸ್ಸಿನಲ್ಲಿ ಹಿಂದಿ ಮಾತಾಡಿ, ಮನೆಯಲ್ಲಿ ಕನ್ನಡಕ್ಕೆ ತಡವರಿಸುತ್ತಿದ್ದಳು. ಪಕ್ಕದ ಬೀದಿಯಲ್ಲಿ ವಿಜಾಪುರದ ಕಡೆಯ ಡ್ರಾಯಿಂಗ್ ಟೀಚರೊಬ್ಬರು ಭಾನುವಾರ ಕನ್ನಡದ ಮನೆಗಳ ಮಕ್ಕಳಿಗೆ ಚಿತ್ರ ಕಲಿಸುತ್ತಾರೆ, ಕನ್ನಡದಲ್ಲೇ ಬೈಯುತ್ತಾರೆ ಎಂದು ಯಾರೋ ಹೇಳಿದರು. ಬೈಗುಳದ ಆಸೆಗೇ ಕಳಿಸಿದೆ. ಕುಮಟಾದ ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುವುದು ವಾಡಿಕೆ. ನಾನು ಹಾಗೆ ಕರೆದದ್ದೇ ಎಲ್ಲರ ಬಾಯಿಗೂ ಹತ್ತಿತು.

ಶಾರ್ಕಿನ ಕಥೆ ಶುರುವಾದದ್ದು ಕಾರವಾರದಲ್ಲಿ. ತಂಗಿಯ ಮಗಳ ಮದುವೆಗೆಂದು ಹೋಗಿದ್ದ ಅಕ್ಕೋರು ಜೀವನದಲ್ಲಿ ಮೊದಲ ಸಲ ಸಮುದ್ರ ಕಂಡಿದ್ದರು. ಬೆಳಿಗ್ಗೆ ತಿರುಗಾಡಲು ಹೋಗಿ ದೋಣಿಗಳು ಬಂದು ನಿಲ್ಲುವ ಕಡೆ ತಲುಪಿದ್ದರು. ಅಲ್ಲಿ ರಾಶಿ ಹಾಕಿದ್ದ ಶಾರ್ಕುಗಳಲ್ಲಿ ಒಂದರ ಹೊಟ್ಟೆ ಸೀಳಿ, ಒಳಗಿನ ಮರಿಗಳು ಮರಳಿಗೆ ಬಿದ್ದಿದ್ದುವಂತೆ. ಮೊಟ್ಟೆಯನ್ನೂ ಮುಟ್ಟದ ಮನೆಯ ಹೆಂಗಸು. ವಾಪಸು ಬಂದ ಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದರು:

"ತಂಗಿ, ನಿಮ್ಮ ಕಡೆ ಅದಕ್ಕ ಏನಂತೀರಿ?"

"ಮೋರಿ ಅಂತೀವಿ ಅಕ್ಕೋರೆ."

"ಯವ್ವಾ! ಮೋರಿ ಅಂದ್ರ ಗಟಾರ ಅಲ್ಲೇನ? ತಿನ್ನೂದೂ ತಿಂತೀರಿ, ಹೆಸರರೆ ಚಂದಂದು ಇಡಬಾರದಾ?"

ನಾನು ನಕ್ಕೆ. ಅವರು ನಗಲಿಲ್ಲ. "ನಾ ಅದನ್ನ ತಿಂದಿಲ್ಲ, ತಿನ್ನೂದೂ ಇಲ್ಲ. ಹಂಗಂತ ನನಗೂ ಅದಕ್ಕೂ ಸಂಬಂಧ ಇಲ್ಲ ಅಂತ ಹೆಂಗ ಅನ್ನಲಿ? ಬಸುರಿ ಇತ್ತ ಅದು," ಎಂದರು. ನಾನು ಅವರಿಗೆ ಹೇಳದೆ ಬಿಟ್ಟ ಮಾತೆಂದರೆ, ನಮ್ಮಲ್ಲಿ ಬಾಣಂತಿಗೆ ಹಾಲು ಹೆಚ್ಚಲೆಂದು ಮಾಡಿ ಬಡಿಸುವುದೇ ಆ ಮೀನನ್ನು. ಮಗಳು ಹುಟ್ಟಿದಾಗ ನಾನೂ ಉಂಡಿದ್ದೆ.

ಮುಂದಿನ ಭಾನುವಾರ ಅವರು ಮಕ್ಕಳಿಗೆ ಶಾರ್ಕ್ ಬರೆಯಲು ಹೇಳಿದರು. ಎಲ್ಲ ಹಾಳೆಗಳಲ್ಲೂ ಬರೀ ಬಾಯಿ. ಗರಗಸದಂಥ ಹಲ್ಲು, ರಕ್ತ. ಒಂದರಲ್ಲಂತೂ ಚಪ್ಪಲಿ ಸಮೇತ ಮನುಷ್ಯನ ಕಾಲು. ಟೀವಿಯಲ್ಲಿ ಕಂಡದ್ದು. ಅಕ್ಕೋರು ಹಾಳೆಗಳನ್ನು ಎತ್ತಿಟ್ಟರು. ಅದರ ಮುಂದಿನ ವಾರ ಅಡುಗೆಮನೆಯಿಂದ ಸೋರೆಕಾಯಿ ತಂದು ನೆಲದ ಮೇಲೆ ಅಡ್ಡ ಮಲಗಿಸಿದರು. ತೆಲುಗಿನಲ್ಲಿ ಶಾರ್ಕಿಗೆ 'ಸೊರ', ಸೋರೆಕಾಯಿಗೆ 'ಸೊರಕಾಯ'. ಮಕ್ಕಳಿಗೆ ನಗುವೋ ನಗು. "ನಗೂದ ಮುಗೀತಾ? ಈಗ ಮುಟ್ಟಿ ನೋಡ್ರಿ. ಎಲ್ಲಿ ಉಬ್ಬೇತಿ, ಎಲ್ಲಿ ಇಳದೈತಿ." ಏನನ್ನೇ ಬರೆಯುವ ಮೊದಲು ಅವರು ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಮಕ್ಕಳಿಗೂ ಅದೇ ಅಭ್ಯಾಸ ಮಾಡಿಸಿದ್ದರು.

ಆ ಕಡೆಯವರು ಚಿತ್ರ ಬರೆಯುವುದಕ್ಕೆ 'ತೆಗೆಯುವುದು' ಎನ್ನುತ್ತಾರೆ. ಅಕ್ಕೋರ ನಿಯಮ ಒಂದೇ. "ಮೊದಲ ಕಣ್ಣ ತೆಗೀರಿ. ಆಮ್ಯಾಲ ಮೈ. ಹಲ್ಲ ಎಲ್ಲಾ ಮುಗದ ಮ್ಯಾಲ. ಕಣ್ಣಾಗ ಒಂದ ಬಿಳಿ ಚುಕ್ಕಿ ಬಿಡಬೇಕು, ಮರೀಬ್ಯಾಡ್ರಿ. ಅದರಿಂದನ ಜೀವ ಬರೂದು."

"ಅಕ್ಕೋರ, ಅದು ಕಚ್ಚತೈತಿ!" ಒಬ್ಬ ತಕರಾರು ತೆಗೆದ.

"ಕಚ್ಚತೈತಿ. ನಿನ್ನ ತಮ್ಮನೂ ಕಚ್ಚತಾನಲ್ಲ? ಅವನ ಚಿತ್ರ ತೆಗೀವಾಗ ಬರೇ ಹಲ್ಲ ತೆಗೀತಿ ಏನು?"

ಕಣ್ಣು ಬರೆದು, ಮೈ ಬರೆದು, ರೆಕ್ಕೆ ಬರೆದು ಮುಗಿಸುವಷ್ಟರಲ್ಲಿ ಮಕ್ಕಳಿಗೆ ಹಲ್ಲಿನ ನೆನಪೇ ಹೋಗಿರುತ್ತಿತ್ತು. ಅಕ್ಕೋರು ಅದನ್ನು ಬೇಡ ಎಂದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಮಕ್ಕಳ ತಂದೆಯೊಬ್ಬರು ಬಾಗಿಲಲ್ಲೇ ನಿಂತು, "ಸಮುದ್ರಾನ ಇಲ್ಲದ ಊರಾಗ ಶಾರ್ಕ್ ಯಾಕ್ರೀ? ಗಣಪತಿ ತೆಗಸ್ರಿ, ನವಿಲ ತೆಗಸ್ರಿ," ಎಂದರು. "ಆನೀ ಚಿತ್ರಾ ತೆಗಸಿದಾಗ ಯಾರೂ ಕೇಳಲಿಲ್ಲಲ್ರಿ. ಕೂಕಟ್‌ಪಲ್ಲ್ಯಾಗ ಆನಿ ಎಲ್ಲೆಲ್ಲಿ ಅದಾವ?" ಎಂದು ಅಕ್ಕೋರು ತಣ್ಣಗೆ ಕೇಳಿದರು.

ನನ್ನ ಮಗಳು ಬರೆದದ್ದು ಬಸುರಿ ಶಾರ್ಕ್. ಹೊಟ್ಟೆಗೆ ಕಿಟಕಿಯಂತೆ ಚೌಕ ಕೊರೆದು ಒಳಗೆ ಮರಿಗಳನ್ನು ಮಲಗಿಸಿದ್ದಳು. ಪ್ರತಿ ಮರಿಗೂ ಕಣ್ಣು, ಪ್ರತಿ ಕಣ್ಣಿಗೂ ಬಿಳಿ ಚುಕ್ಕೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. ಆಗ ನಾನೂ ಎರಡನೆಯ ಬಸುರಿನಲ್ಲಿದ್ದೆ.

ಗಚ್ಚಿಬೌಲಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಹೋಟೆಲಿನ ಮಾಲೀಕರು ಕಲಬುರಗಿಯವರು, ಅಕ್ಕೋರಿಗೆ ದೂರದ ಪರಿಚಯ. ಊಟದ ಹಾಲಿನ ಒಂದು ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ ಕಟ್ಟಿಸಿ, ಉಪ್ಪುನೀರು ತುಂಬಿಸಿ, ಬಣ್ಣದ ಮೀನುಗಳ ಜೊತೆ ಒಂದು ಜೋಡಿ ಶಾರ್ಕನ್ನೂ ಬಿಡಿಸಿದ್ದರು. ದೊಡ್ಡವಲ್ಲ. ಮೊಳದುದ್ದ, ಮೈಮೇಲೆ ಪಟ್ಟೆ, ಸದಾ ತಳದಲ್ಲಿ ಮಲಗಿರುವ ಸಾಧು ಜಾತಿ. ಗೋಡೆಗೆ ಹಚ್ಚಲು ಮಕ್ಕಳ ಚಿತ್ರ ಕೊಡಿ ಎಂದು ಕೇಳಿದ್ದರು. ಒಂದು ಭಾನುವಾರ ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಅಕ್ಕೋರು ಮಕ್ಕಳನ್ನು ಕರೆದುಕೊಂಡು ಹೋದರು. ಜೀವಂತ ಶಾರ್ಕ್ ನೋಡಿ ಬರೆಯುವ ಅವಕಾಶ ಮತ್ತೆಲ್ಲಿ ಸಿಗಬೇಕು? ಮಕ್ಕಳ ಮೇಲೆ ಕಣ್ಣಿಡಲು ನಾನೂ ಹೋದೆ.

ಮಾಲೀಕರು ಮೊದಲೇ ಬರೆದಿದ್ದ ಚಿತ್ರಗಳನ್ನು ತಿರುವಿ ಹಾಕಿ ಸಪ್ಪಗಾದರು.

"ಏನ್ರೀ ಅಕ್ಕೋರ, ಇವು ಶಾರ್ಕ್ ಅವನ್ರಿ? ಹಲ್ಲೇ ಇಲ್ಲ! ಗಿರಾಕಿ ಏನಂತಾರ? ಜರಾ ಹಲ್ಲ ತೆಗೀರಿ."

"ತೆಗದೀವ್ರಿ. ಅದಕ್ಕ ಇಲ್ಲ."

ಅವರಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ವಾಹ್! ಡ್ರಾಯಿಂಗ್ ಟೀಚರ್ ಅಂತ ಕರದ್ರ ಡೆಂಟಿಸ್ಟ್ ಬಂದಾರಲ್ಲೋ!"

ಆ ನಗು ನನಗೆ ಇಂದಿಗೂ ಕೇಳುತ್ತದೆ. ಅದರ ಹಿಂದೆಯೇ ಉಳಿದದ್ದೂ ಬರುತ್ತದೆ.

ಮಕ್ಕಳು ತೊಟ್ಟಿಯ ಮುಂದೆ ನೆಲದ ಮೇಲೆ ಕೂತು ಬರೆಯುತ್ತಿದ್ದರು. ಮಗಳು ಎಲ್ಲರಿಗಿಂತ ಮುಂದೆ, ಗಾಜಿಗೆ ಹಣೆ ಆನಿಸಿ, ತಳದಲ್ಲಿ ಮಲಗಿದ್ದ ಶಾರ್ಕಿನ ಕಣ್ಣನ್ನು ನೋಡುತ್ತಿದ್ದಳು. ನಾನು ಬಸುರಿನ ಭಾರಕ್ಕೆ ಆಚೆ ಗೋಡೆಯ ಬಳಿ ಕುರ್ಚಿಯಲ್ಲಿ ಕೂತಿದ್ದೆ. ಅಕ್ಕೋರು ತಮ್ಮ ಅಭ್ಯಾಸದಂತೆ ಗಾಜಿನ ಮೇಲೆ ಅಂಗೈ ಇಟ್ಟರು. ಇಟ್ಟವರು ತೆಗೆಯಲಿಲ್ಲ. ತಲೆ ವಾರೆ ಮಾಡಿ, ಮೂಗು ತಾಗುವಷ್ಟು ಬಗ್ಗಿ, ತೊಟ್ಟಿಯ ಮೂಲೆಯನ್ನು ನೋಡಿದರು. ಅಲ್ಲಿ ಅಂಟು ಬಿಟ್ಟ ಸಂದಿನಿಂದ ನೀರು ದಾರದಂತೆ ಇಳಿಯುತ್ತಿತ್ತು. ನಾನು ಅದನ್ನು ಕಂಡದ್ದು ಅವರು ನೋಡಿದ ಮೇಲೆ.

ಅವರು ಕೂಗಲಿಲ್ಲ. ಕೂಗಿದ್ದರೆ ಮಕ್ಕಳು ಗಾಬರಿಯಾಗಿ ಅಲ್ಲೇ ನಿಂತುಬಿಡುತ್ತಿದ್ದರು. ದಿನದ ದನಿಯಲ್ಲೇ ಹೇಳಿದರು: "ಮಕ್ಕಳ್ರ್ಯಾ, ಈಗ ದೂರದ ಚಿತ್ರ. ಹಾಳಿ ತಗೊಂಡು ಆ ಸ್ಟೇಜಿನ ಮ್ಯಾಲ ಓಡ್ರಿ. ಮೊದಲ ಹೋದವರಿಗೆ ಚಲೋ ಜಾಗಾ!"

ಹಾಲಿನ ಇನ್ನೊಂದು ತುದಿಯಲ್ಲಿ ಹಾಡುವವರಿಗೆಂದು ಕಟ್ಟಿದ್ದ ಎತ್ತರದ ಕಟ್ಟೆಗೆ ಮಕ್ಕಳು ಕಿರುಚುತ್ತ ಓಡಿದರು. ನನ್ನ ಮಗಳು ಏಳಲಿಲ್ಲ.

"ಬಾ ನಮ್ಮವ್ವಾ, ಏಳು."

"ಒಂದು ಚುಕ್ಕೆ ಬಾಕಿ ಉಂಟು ಅಕ್ಕೋರೆ. ಕಣ್ಣಿಂದು."

ನಾನು ಕುರ್ಚಿಯಿಂದ ಎದ್ದೆ. ಅಕ್ಕೋರು ಅವಳತ್ತ ನಡೆದರು. ಓಡಲಿಲ್ಲ, ನಡೆದರು. ಗಾಜು ಮತ್ತು ಮಗುವಿನ ನಡುವೆ ಸೇರಿಕೊಂಡು, ಗಾಜಿಗೆ ಬೆನ್ನು ಕೊಟ್ಟು, ಅವಳನ್ನು ಸೆರಗಿನೊಳಗೆ ತಬ್ಬಿ ಬಗ್ಗಿದರು.

ಗಾಜು ಒಡೆಯುವ ಸದ್ದು ನಾವು ಅಂದುಕೊಂಡ ಹಾಗಿರುವುದಿಲ್ಲ. ಮೊದಲು ಬೆರಳು ಚಿಟಿಕೆ ಹೊಡೆದಂತೆ ಒಂದು ಟಿಕ್. ಆಮೇಲೆ ಲಾರಿಯಿಂದ ಜಲ್ಲಿ ಸುರಿದ ಹಾಗೆ. ನೀರು ಮೇಜು ಕುರ್ಚಿಗಳನ್ನು ತಳ್ಳಿಕೊಂಡು ಬಂದು ನನ್ನ ಮೊಣಕಾಲಿಗೆ ಬಡಿಯಿತು. ಗೋಡೆ ಹಿಡಿದು ನಿಂತೆ. ಎಲ್ಲ ನಿಂತ ಮೇಲೆ ಎಲ್ಲೋ ಒಂದು ಮೋಟಾರು ಮಾತ್ರ ಗುರ್ ಎನ್ನುತ್ತಿತ್ತು. ಅಕ್ಕೋರು ಇದ್ದಲ್ಲೇ ಮಂಡಿಯೂರಿದ್ದರು. ಬೆನ್ನಿನ ರವಿಕೆ ಹರಿದಿತ್ತು. ಬಲಗೈ ಮುಂಗೈಯಿಂದ ಮೇಲೆ ಉದ್ದಕ್ಕೆ ತೆರೆದುಕೊಂಡಿತ್ತು. ಅವರ ಎದೆಯ ಕೆಳಗಿನಿಂದ ಮಗಳ ದನಿ ಬಂತು: "ಅಮ್ಮಾ, ನನ್ನ ಹಾಳೆ ಒದ್ದೆ ಆಯ್ತು."

ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ.

ನಾನು ಅಕ್ಕೋರ ಕೈಗೆ ದುಪಟ್ಟಾ ಬಿಗಿಯುತ್ತಿದ್ದಾಗ ಇನ್ನೊಂದು ಗಲಾಟೆ ಎದ್ದಿತು. ಒಂದು ಶಾರ್ಕ್ ತೊಟ್ಟಿಯ ತಳದಲ್ಲಿ ಗೇಣುದ್ದ ಉಳಿದಿದ್ದ ನೀರಿನಲ್ಲೇ ಇತ್ತು. ಇನ್ನೊಂದು ನೆಲಕ್ಕೆ ಬಿದ್ದು ಗಾಜಿನ ಚೂರುಗಳ ನಡುವೆ ಹೊರಳುತ್ತಿತ್ತು. ವೇಟರನೊಬ್ಬ ನೆಲ ಒರೆಸುವ ಕೋಲು ಎತ್ತಿ, "ಸಾಬ್, ಕಾಟೇಗಾ!" ಎನ್ನುತ್ತ, ಕಚ್ಚೀತೆಂಬ ಹೆದರಿಕೆಗೆ ಹಿಂದೆ ಹಿಂದೆ ಸರಿಯುತ್ತಿದ್ದ. ಮಾಲೀಕರ ಮುಖ ಸುಣ್ಣದಂತಾಗಿತ್ತು. "ಹೊಡಿ ಅದಕ್ಕ, ಹೊಡಿ! ಮಕ್ಕಳ ಅವ ಇಲ್ಲಿ!" ಎಂದು ಚೀರಿದರು. ಅದು ಕ್ರೌರ್ಯವಾಗಿರಲಿಲ್ಲ. ಅವರು ನಿಜವಾಗಿಯೂ ಹೆದರಿದ್ದರು.

ಕಟ್ಟೆಯ ಮೇಲಿಂದ ಒಂದು ಹುಡುಗಿ ಕೂಗಿದಳು: "ಅಂಕಲ್, ಮತ್ ಮಾರೋ! ಅದಕ್ಕ ಉಸಿರ ಸಿಗವಲ್ದು!" ಉಳಿದ ಮಕ್ಕಳೂ ಸೇರಿಕೊಂಡರು. ಮತ್ ಮಾರೋ, ಹೊಡೀಬ್ಯಾಡ್ರಿ, ಕೊಟ್ಟೊದ್ದು ಅಂಕುಲ್, ಮೂರು ಭಾಷೆ ಒಟ್ಟಿಗೆ. ಚಪ್ಪಲಿ ಸಮೇತ ಕಾಲು ಬರೆದಿದ್ದವನೂ ಆ ಕೂಗಿನಲ್ಲಿದ್ದ.

ಅಕ್ಕೋರು ತಲೆ ಎತ್ತಿದರು. ತುಟಿ ಬಿಳಚಿತ್ತು. "ಮಾಲೀಕರ, ಒಂದ ಸಲ ಅದರ ಕಣ್ಣ ನೋಡ್ರಿ. ಆಮ್ಯಾಲ ಬೇಕಾದ್ರ ಹೊಡೀರಿ."

ಅವರು ನೋಡಿದರೋ, ಮಕ್ಕಳ ಕೂಗಿಗೆ ಸೋತರೋ ತಿಳಿಯದು. ವೇಟರನ ಕೈಯ ಕೋಲು ಕಿತ್ತು ಬಿಸಾಕಿದರು. ಮೇಜಿನ ಬಟ್ಟೆಯೊಂದನ್ನು ಎಳೆದುಕೊಂಡು, ಕೂಸನ್ನು ಎತ್ತುವಂತೆ ಆ ಶಾರ್ಕನ್ನು ಸುತ್ತಿ ಎತ್ತಿ, ತಳದ ನೀರಿಗೆ ಬಿಟ್ಟರು. ಆಮೇಲೆ ಅವರೇ ಕಾರು ತೆಗೆದು ನಮ್ಮನ್ನು ಆಸ್ಪತ್ರೆಗೆ ಒಯ್ದರು.

ಅಕ್ಕೋರ ಬಲಗೈಯ ನರಗಳು ತುಂಡಾಗಿದ್ದುವು. ವೈದ್ಯರು ಹೊಲಿದರು, ಕೈ ಉಳಿಯಿತು. ಆದರೆ ಬೆರಳುಗಳು ಮತ್ತೆ ಮಡಚಲಿಲ್ಲ. ಮಾಲೀಕರು ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕ ನಿಂತು ಹೇಳಿದರು: "ಅಕ್ಕೋರ, ತೊಟ್ಟಿ ಮತ್ತ ಕಟ್ಟಸಂಗಿಲ್ರಿ. ಸಮುದ್ರದ ಕಡೆಯಿಂದ ಮೀನ ತರೋ ಗಾಡಿ ಖಾಲಿ ವಾಪಸ್ ಹೋಗ್ತದಲ್ರಿ, ಅದರಾಗ ಡ್ರಮ್ಮಿನಾಗ ಹಾಕಿ ಎರಡೂ ಕಳಿಸೀನಿ. ನೀರಿಗಿ ಬಿಟ್ಟೀನಿ ಅಂತ ಡ್ರೈವರ್ ಹೇಳ್ದ. ನಾ ಕಣ್ಣಾರೆ ನೋಡಿಲ್ಲ, ಸುಳ್ಳ ಯಾಕ ಹೇಳ್ಲಿ."

"ಬಿಟ್ಟಿರತಾನ ಬಿಡ್ರಿ," ಎಂದರು ಅಕ್ಕೋರು. ಆ ಹೋಟೆಲಿನ ಅದೇ ಗೋಡೆಗೆ ಆಮೇಲೆ ಮಕ್ಕಳ ಚಿತ್ರಗಳು ಬಂದುವು, ಹಲ್ಲಿಲ್ಲದೆಯೇ. ಊಟಕ್ಕೆ ಬಂದವರು 'ಇದ್ಯಾಕೆ ಹೀಗೆ' ಎಂದು ಕೇಳಿದರೆ ಮಾಲೀಕರು ಕೌಂಟರು ಬಿಟ್ಟು ಬಂದು ಪೂರ್ತಿ ಕಥೆ ಹೇಳುತ್ತಿದ್ದರಂತೆ, ಊಟ ಆರಿಹೋಗುತ್ತಿತ್ತಂತೆ.

ಅಕ್ಕೋರು ಮನೆಗೆ ಬಂದ ಮೇಲೆ ನಾನು ಹೋಗಿ ಅವರ ಕಾಲ ಬಳಿ ಕೂತೆ. ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಯಿಂದ ಬಂದದ್ದು "ನಿಮ್ಮ ಋಣ" ಎಂಬುದಷ್ಟೇ.

"ಋಣಾ ಗಿಣಾ ಅನಬ್ಯಾಡ ತಂಗಿ. ಆಕಿ ಕಣ್ಣ ತೆಗಿಯಾಕತ್ತಿದ್ಲು. ಚುಕ್ಕಿ ಬಿಡದ ಏಳಬ್ಯಾಡ ಅಂತ ಕಲಿಸಿದಾಕಿ ನಾನು. ನಾ ಕಲಿಸಿದ್ದಕ್ಕ ಆಕಿ ಅಲ್ಲಿ ಕುಂತಿದ್ಲು. ಮತ್ತ ನಾ ಹೋಗದ ಯಾರ ಹೋಗಬೇಕು?"

ಅವರು ಎಡಗೈಯಿಂದ ನನ್ನ ತಲೆ ಸವರಿ, "ಹೋಗು, ಬಿಸಿ ಬಿಸಿ ಉಣ್ಣು. ಹೊಟ್ಯಾಗ ಕೂಸೈತಿ," ಎಂದರು.

ಹೆರಿಗೆಗೆಂದು ಅಮ್ಮ ಕುಮಟಾದಿಂದ ಬಂದರು. ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದಾಗಲೇ ಚೀಲದಿಂದ ಒಣಮೀನಿನ ವಾಸನೆ ಹೊಡೆಯುತ್ತಿತ್ತು. ಬಾಣಂತಿಗೆಂದು ಮೋರಿ ಕಟ್ಟಿಸಿಕೊಂಡು ಬಂದಿದ್ದರು. ಮಗ ಹುಟ್ಟಿದ ಮೇಲೆ ಒಂದು ಬೆಳಿಗ್ಗೆ ಆ ಪೊಟ್ಟಣ ಹಿಡಿದು ಅಡುಗೆಮನೆಗೆ ಹೋದವರು ಫ್ರಿಜ್ಜಿನ ಮುಂದೆ ನಿಂತುಬಿಟ್ಟರು. ನಾನು ಮಲಗಿದ್ದಲ್ಲಿಂದಲೇ ಅವರೂ ಮಗಳೂ ಆಡಿದ ಮಾತು ಕೇಳಿದೆ.

"ಇದೆಂತದೇ ಮಗಾ, ಹೊಟ್ಟೆಯೊಳಗೆ?"

"ಮರಿ, ಅಜ್ಜಿ. ಅದು ಮೊಟ್ಟೆ ಇಡುವ ಜಾತಿ ಅಲ್ಲ. ನಮ್ಮ ಅಮ್ಮನ ಹಾಗೆ."

ಪೊಟ್ಟಣ ಮಡಚಿಟ್ಟ ಸದ್ದು ಬಂತು. ಆಮೇಲೆ ಅಮ್ಮ ಬೆಳ್ಳುಳ್ಳಿ ಜಜ್ಜತೊಡಗಿದರು. ಆ ದಿನ ಬಂದದ್ದು ಬೆಳ್ಳುಳ್ಳಿ ಸಾರು, ಮರುದಿನವೂ ಅದೇ. "ಮೋರಿ ಎಲ್ಲಿ?" ಎಂದು ಕೇಳಿದೆ. "ಅದಿಲ್ಲದಿದ್ರೆ ಹಾಲು ಬರೂದಿಲ್ಲ ಅಂತ ಯಾರು ಹೇಳಿದ್ದು ನಿಂಗೆ? ಸುಮ್ಮನೆ ಉಣ್ಣು," ಎಂದು ಗದರಿದರು. ಹೇಳಿದ್ದು ಅವರೇ, ಮೊದಲ ಬಾಣಂತನದಲ್ಲಿ.

ಅಕ್ಕೋರು ಭಾನುವಾರದ ಪಾಠ ಬಿಡಲಿಲ್ಲ. ಎಡಗೈಯಲ್ಲಿ ಬರೆಯಲು ಮಕ್ಕಳ ಜೊತೆಗೇ ಕೂತು ಕಲಿತರು. ಅವರ ಗೆರೆ ಸೊಟ್ಟಗಾದರೆ ಮಕ್ಕಳು, "ಅಕ್ಕೋರ, ಅಳಿಸಿ ಮತ್ತ ತೆಗೀರಿ," ಎಂದು ಅವರದೇ ದನಿಯಲ್ಲಿ ಬೈಯುತ್ತಿದ್ದರು. ಅವರು ತಲೆಬಾಗಿ ಅಳಿಸುತ್ತಿದ್ದರು. ಸೋರೆಕಾಯಿ ಮುಟ್ಟಲು ಮಾತ್ರ ಬಲಗೈಯನ್ನೇ ಇಡುತ್ತಿದ್ದರು. ಬೆರಳು ಮಡಚದಿದ್ದರೂ ಅಂಗೈಗೆ ತಿಳಿಯುತ್ತದೆ ಎನ್ನುತ್ತಿದ್ದರು. ನಾನು ಕಚೇರಿಯಲ್ಲಿ ಗಾಜಿನ ಪಕ್ಕದ ಜಾಗ ಬಿಟ್ಟುಕೊಟ್ಟು ನಡುವಿನ ಕಂಬದ ಬಳಿಗೆ ಹೋದೆ. ಸಹೋದ್ಯೋಗಿಗಳು ನಕ್ಕರು.

ಅಕ್ಕೋರು ಹೋದದ್ದು ಬಹಳ ವರ್ಷಗಳ ಮೇಲೆ, ಹೃದಯ ನಿಂತು, ಪಾಠದ ಮರುದಿನ. ಅವರ ಪದ್ಧತಿಯಂತೆ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಹಾಸ್ಟೆಲಿನಿಂದ ಬಂದ ಮಗಳು ಅವರ ಬಲಗೈಯ ಮೇಲೆ ತನ್ನ ಅಂಗೈ ಇಟ್ಟು ತುಂಬ ಹೊತ್ತು ಸುಮ್ಮನೆ ಕೂತಿದ್ದಳು. ಆ ಹೋಟೆಲಿನ ಮಾಲೀಕರು ಬಂದಿದ್ದರು, ತಲೆ ಪೂರ್ತಿ ನರೆತಿತ್ತು. ಮಗಳನ್ನು ಗುರುತಿಸಿ, "ನೀನಽ ಏನವ್ವಾ ಅದು?" ಎಂದಷ್ಟೇ ಕೇಳಿ ಮುಖ ತಿರುಗಿಸಿಕೊಂಡರು.

ಆ ಬೆಳಗು ನನ್ನೊಳಗೆ ಈಗಲೂ ನಡೆಯುತ್ತದೆ, ಕೇಳದೆ, ಯಾವ ಹೊತ್ತಿಗೆಂದರೆ ಆ ಹೊತ್ತಿಗೆ. ಗಾಜು ಟಿಕ್ ಎನ್ನುತ್ತದೆ. ನಾನು ಕುರ್ಚಿಯಿಂದ ಏಳುತ್ತೇನೆ. ಈ ಸಲ ನನಗೆ ಬಸುರಿನ ಭಾರವಿಲ್ಲ, ದಾರಿಯಲ್ಲಿ ಮೇಜುಗಳಿಲ್ಲ, ಊಟದ ಹಾಲ್ ಕೂಡ ಅಷ್ಟು ಅಗಲವಿಲ್ಲ. ಉಸಿರು ಕಟ್ಟಿ ಓಡುತ್ತೇನೆ, ಮಗಳ ಜಡೆ ಕೈಗೆ ಸಿಗುವಷ್ಟು ಹತ್ತಿರ ಹೋಗುತ್ತೇನೆ. ಅಷ್ಟರಲ್ಲಿ ಅಕ್ಕೋರು, ಓಡದೆ, ನಡೆದುಕೊಂಡೇ ಬಂದು ನಡುವೆ ನಿಂತಿರುತ್ತಾರೆ.